ಅಮ್ಮ, ಉಂಡೆ ಕೊಬ್ಬರಿ ಮತ್ತು ಸೆಕ್ಯುರಿಟಿ ಚೆಕ್

ಹೋದ ಆಗಸ್ಟ್‌ನಲ್ಲಿ ತಂಗಿಯ ಬಾಣಂತನಕ್ಕೆ ಅಂತ ಅಮ್ಮನನ್ನು ಚಿಕಾಗೋಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 68. ವಿಮಾನ ಹತ್ತಿದ್ದು ಅದೇ ಮೊದಲು. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ವೀಸಾ, ಟಿಕೆಟ್, ಇನ್ಶೂರೆನ್ಸ್, ತಂಗಿಗೆ ಬೇಕಾದ ಸಾಮಾನು ಎಲ್ಲಾ ಒಂದು ತಿಂಗಳು ಮುಂಚೆಯೇ ತಯಾರು ಮಾಡಿದ್ದೆ. ಆದರೆ ಏರ್‌ಪೋರ್ಟ್‌ನಲ್ಲಿ ಚೆಕಿಂಗ್ ಹೇಗಿರುತ್ತದೆ, ಯಾರು ಏನು ಕೇಳುತ್ತಾರೆ, ಎಲ್ಲಿ ಮುಟ್ಟಿ ನೋಡುತ್ತಾರೆ ಅಂತ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ನಾನು ಜೊತೆಗೇ ಇರುತ್ತೇನಲ್ಲ ಅಂದುಕೊಂಡಿದ್ದೆ. ಅದು ತಪ್ಪಾಯಿತು. ನಿಮ್ಮ ಅಪ್ಪ ಅಮ್ಮನನ್ನು ಕಳಿಸುವವರು ಯಾರಾದರೂ ಇದ್ದರೆ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊಬ್ಬರಿ ವಿಷಯ ಹೇಳಿಬಿಡುತ್ತೇನೆ.

ನಮ್ಮದು ಅರಸೀಕೆರೆ ಕಡೆ. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ. ಅಮ್ಮ ಅಟ್ಟ ಹತ್ತುವ ಹಾಗಿಲ್ಲ, ಕೆಳಗೆ ನಿಂತು ಪಕ್ಕದ ಮನೆ ಹುಡುಗನ ಕೈಲಿ ಒಂದೊಂದೇ ಕಾಯಿ ಅಲ್ಲಾಡಿಸಿ ಸದ್ದು ಕೇಳಿ ಆರಿಸಿದ್ದಳು. ಒಟ್ಟು 12. ಬಾಣಂತಿಗೆ ಅಂಟಿನುಂಡೆ ಮಾಡಿಕೊಡಬೇಕು, ಅದಕ್ಕೆ ನಮ್ಮ ಮನೆ ಕೊಬ್ಬರಿಯೇ ಆಗಬೇಕು. ಬಟ್ಟೆಯಲ್ಲಿ ಸುತ್ತಿ, ಅಂಟು, ಉತ್ತುತ್ತೆ, ಬೆಲ್ಲದ ಜೊತೆ ದೊಡ್ಡ ಸೂಟ್‌ಕೇಸ್‌ನ ಮಧ್ಯದಲ್ಲಿ ಇಟ್ಟಿದ್ದಳು.

ಬೆಂಗಳೂರಿನಲ್ಲಿ ಈಗ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಕೌಂಟರ್‌ನಲ್ಲಿ ಪೆಟ್ಟಿಗೆ ಕೊಟ್ಟು, ಬೋರ್ಡಿಂಗ್ ಪಾಸ್ ತೆಗೆದುಕೊಂಡು, ಸ್ವಲ್ಪ ಕೂತುಕೊಳ್ಳೋಣ ಅನ್ನುವಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಒಬ್ಬರು ಬಂದರು. ಪೆಟ್ಟಿಗೆ ತೆರೆದು ತೋರಿಸಬೇಕಂತೆ. ಒಳಗೆ ಹೋದೆವು. ಎಕ್ಸ್‌ರೇ ತೆರೆಯ ಮೇಲೆ 12 ಉಂಡೆ ಸಾಲಾಗಿ ಕಾಣುತ್ತಿತ್ತು.

"ಒಣಕೊಬ್ಬರಿ ಬಿಡೋದಿಲ್ಲ ಮೇಡಂ, ಹ್ಯಾಂಡ್‌ಬ್ಯಾಗಲ್ಲೂ ಇಲ್ಲ, ಇದರಲ್ಲೂ ಇಲ್ಲ."

ಅಮ್ಮನಿಗೆ ಅರ್ಥವೇ ಆಗಲಿಲ್ಲ. ಕೊಬ್ಬರಿಯಿಂದ ಯಾರಿಗೆ ಏನು ತೊಂದರೆ? ಆ ಹುಡುಗ ಪಾಪ ತಾಳ್ಮೆಯಿಂದ ಹೇಳಿದ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ವಿಮಾನದ ಹೊಟ್ಟೆಯೊಳಗೆ ಬೆಂಕಿ ಬಿದ್ದರೆ ಆರಿಸುವವರು ಯಾರು ಅಂತ. ಆಮೇಲೆ ನಾನು ಓದಿ ತಿಳಿದುಕೊಂಡೆ: ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆಯವರು ಒಂದೊಂದು ನಂಬರ್ ಕೊಟ್ಟಿದ್ದಾರೆ, ಅದರಲ್ಲಿ ಕೊಬ್ಬರಿಗೆ 1363. ನಮ್ಮ ದೇಶದ ವಿಮಾನ ಭದ್ರತೆಯವರು 2022ರಲ್ಲಿ ಚೆಕ್-ಇನ್ ಪೆಟ್ಟಿಗೆಯಲ್ಲೂ ಬೇಡ ಅಂತ ಪಟ್ಟಿಗೆ ಸೇರಿಸಿದರು. ಕೊಬ್ಬರಿ ಸೀಮೆಯವರಾದ ನಮಗೇ ಇದು ಗೊತ್ತಿರಲಿಲ್ಲ.

ಅಮ್ಮ ಒಂದೊಂದಾಗಿ ಉಂಡೆ ತೆಗೆದು ಮೇಜಿನ ಮೇಲೆ ಇಟ್ಟಳು. ಕೊನೆಯದನ್ನು ಇಡುವಾಗ "ಕಸಕ್ಕೆ ಹಾಕಬೇಡಪ್ಪ, ನೀನೇ ಮನೆಗೆ ತಗೊಂಡು ಹೋಗು" ಅಂದಳು. "ನಾವು ತಗೊಳ್ಳೋ ಹಾಗಿಲ್ಲಮ್ಮ" ಅಂದ. ಅಮ್ಮ ಸುಮ್ಮನಾದಳು. ಕೊಬ್ಬರಿ ಸುತ್ತಿದ್ದ ಬಟ್ಟೆಯನ್ನು ಮಾತ್ರ ನೀಟಾಗಿ ಮಡಚಿ ವಾಪಸ್ ಪೆಟ್ಟಿಗೆಗೆ ಹಾಕಿಕೊಂಡಳು.

ದೇವರ ಡಬ್ಬಿಯಲ್ಲಿದ್ದ ಕರ್ಪೂರ, ಬೆಂಕಿಪೊಟ್ಟಣವೂ ಅಲ್ಲೇ ಉಳಿಯಿತು. ಕರ್ಪೂರ ಕೂಡ ಸುಲಭವಾಗಿ ಹತ್ತಿಕೊಳ್ಳುವ ಸಾಮಾನು, ಎಲ್ಲೂ ಇಡುವ ಹಾಗಿಲ್ಲ. ಹೂಬತ್ತಿ, ಅರಿಶಿನ ಕುಂಕುಮಕ್ಕೆ ಏನೂ ಅನ್ನಲಿಲ್ಲ. ಅಂಟು, ಉತ್ತುತ್ತೆ, ಬೆಲ್ಲ, ಚಟ್ನಿಪುಡಿ ಎಲ್ಲಾ ಹೋಯಿತು.

ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇದೇ. ಸೆಕ್ಯುರಿಟಿಯಲ್ಲಿ ಆಗುವ ತೊಂದರೆಯಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಪೆಟ್ಟಿಗೆ ಕಟ್ಟುವಾಗಲೇ ಶುರುವಾಗಿರುತ್ತದೆ. ನಮ್ಮ ಮನೆಗಳಿಂದ ಹೋಗುವ ಸಾಮಾನುಗಳನ್ನೇ ತೆಗೆದುಕೊಳ್ಳಿ. ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ತುಪ್ಪ, ಜೇನುತುಪ್ಪ ಇವನ್ನೆಲ್ಲ ನಾವು ತಿಂಡಿ ಅಂತ ನೋಡುತ್ತೇವೆ, ಅವರು ದ್ರವ ಅಂತಲೋ ಪೇಸ್ಟ್ ಅಂತಲೋ ನೋಡುತ್ತಾರೆ. ಕೈಚೀಲದಲ್ಲಿ 100 ಮಿಲಿಗಿಂತ ಜಾಸ್ತಿ ಬಿಡುವುದಿಲ್ಲ, ಅದೂ ಸಣ್ಣ ಸಣ್ಣ ಬಾಟಲಿಗಳನ್ನೆಲ್ಲ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಾಕಿರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ, ಒಳಗಿರುವ ಎಣ್ಣೆಯ ಅಳತೆ ಅಲ್ಲ. 200 ಮಿಲಿ ಕೊಬ್ಬರಿ ಎಣ್ಣೆ ಬಾಟಲಿಯ ತಳದಲ್ಲಿ ಎರಡು ಚಮಚ ಉಳಿದಿದ್ದರೂ ಅದು ಹೋಗುವುದಿಲ್ಲ. ಎಲೆಅಡಿಕೆ ಹಾಕುವವರ ಸಂಚಿಯಲ್ಲಿ ಅಡಕತ್ತರಿ ಇರುತ್ತದೆ, ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕಿ. ಅಜ್ಜನ ಕಾಲದ ಹಿತ್ತಾಳೆ ಅಡಕತ್ತರಿ ಸುಮ್ನೆ ಕಳೆದುಕೊಳ್ಳಬೇಡಿ.

ಪುಡಿಗಳದ್ದು ಇನ್ನೊಂದು ಕಥೆ. ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ 2018ರಿಂದ ಒಂದು ನಿಯಮ ಇದೆ. ಕೈಚೀಲದಲ್ಲಿ ಸುಮಾರು 350 ಮಿಲಿಗಿಂತ, ಅಂದರೆ ಒಂದು ಸಾಫ್ಟ್‌ಡ್ರಿಂಕ್ ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ಬೇರೆ ತೆಗೆದು ಪರೀಕ್ಷೆ ಮಾಡುತ್ತಾರೆ, ಏನು ಅಂತ ಗೊತ್ತಾಗದಿದ್ದರೆ ಬಿಡುವುದಿಲ್ಲ. ಸಾರಿನ ಪುಡಿ, ಹುರಿಹಿಟ್ಟು ಎಲ್ಲಾ ಇದಕ್ಕೆ ಸೇರಿತು. ದೊಡ್ಡ ಪೆಟ್ಟಿಗೆಗೆ ಹಾಕಿಬಿಟ್ಟರೆ ಈ ಗೊಡವೆ ಇಲ್ಲ. ಬಾಣಂತಿ ಸಾಮಾನಿನಲ್ಲಿ ಗಸಗಸೆ ಇದ್ದರೆ ಮಾತ್ರ ತುಂಬಾ ಜೋಪಾನ. ದುಬೈ, ಸೌದಿ, ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಆ ದಾರಿಯಲ್ಲಿ ಹೋಗುವವರು ಒಂದು ಕಾಳೂ ಇಟ್ಟುಕೊಳ್ಳಬೇಡಿ.

ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಗೆ ಹಾಕುವ ಹಾಗೇ ಇಲ್ಲ. ಬ್ಯಾಟರಿಗೆ ಬೆಂಕಿ ಬಿದ್ದರೆ ಮೇಲಿದ್ದವರಿಗೆ ಕಾಣುತ್ತದೆ, ಆರಿಸುತ್ತಾರೆ. ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವುದರ ಅಳತೆ ವ್ಯಾಟ್-ಅವರ್, ಅದಕ್ಕೆ 100ರ ಮಿತಿ. ಅಂಗಡಿಯಲ್ಲಿ ಸಿಗುವ 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ಹಾಗಾಗಿ ಪರವಾಗಿಲ್ಲ. ಮೇಲೆ ಅಚ್ಚಾದ ನಂಬರ್ ಅಳಿಸಿಹೋಗಿರಬಾರದು ಅಷ್ಟೆ.

ಬಿಪಿ, ಶುಗರ್ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಹೆಸರು ಕಾಣುವ ಹಾಗೆ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ್ ಚೀಟಿಯೂ ಜೊತೆಗಿರಲಿ. ಇನ್ಸುಲಿನ್‌ಗೆ 100 ಮಿಲಿ ಲೆಕ್ಕ ಇಲ್ಲ, ಆದರೆ ಟ್ರೇಗೆ ಇಡುವ ಮುಂಚೆ ಬಾಯಿಬಿಟ್ಟು ಹೇಳಬೇಕು.

ಇಮಿಗ್ರೇಷನ್ ಮುಗಿಸಿಕೊಂಡು ಸೆಕ್ಯುರಿಟಿ ಸಾಲಿಗೆ ಬಂದೆವು. ಅಮ್ಮ ಆಗಲೇ ಹೆದರಿದ್ದಳು. ಕೊಬ್ಬರಿ ಹೋದ ಮೇಲೆ ಇನ್ನೇನು ಕಿತ್ತುಕೊಳ್ಳುತ್ತಾರೋ ಅಂತ ವ್ಯಾನಿಟಿ ಬ್ಯಾಗನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಅದನ್ನು ಟ್ರೇನಲ್ಲಿ ಇಡಬೇಕು ಅಂದಾಗ ನನ್ನ ಮುಖ ನೋಡಿದಳು. ಅದು ಬೆಲ್ಟ್ ಮೇಲೆ ಒಳಗೆ ಹೋಗಿ ಕಣ್ಣಿಗೆ ಕಾಣದಾದಾಗ ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಅದರಲ್ಲಿ ಪಾಸ್‌ಪೋರ್ಟ್ ಇತ್ತು, ಅಪ್ಪನ ಫೋಟೋ ಇತ್ತು.

ಮೆಟಲ್ ಡಿಟೆಕ್ಟರ್ ಬಾಗಿಲು ದಾಟಿದ ಕೂಡಲೇ ಕೀಂ ಅಂದಿತು. ಮಂಡಿಯ ಕೀಲು ಲೋಹದ್ದು, ಕೂಗದೆ ಇರುತ್ತದಾ? ಪರದೆಯ ಒಳಗೆ ಏರ್‌ಪೋರ್ಟ್ ಕಾಯುವ ಕೇಂದ್ರ ಪಡೆಯಾದ ಸಿಐಎಸ್‌ಎಫ್‌ನ ಒಬ್ಬ ಹೆಣ್ಣುಮಗಳು ಇದ್ದಳು. ನಮ್ಮ ತಂಗಿಗಿಂತ ಚಿಕ್ಕವಳು. ಕನ್ನಡ ಬರುತ್ತಿರಲಿಲ್ಲ. ಕೈಯಲ್ಲಿದ್ದ ಕೋಲು ಮಂಡಿ ಹತ್ತಿರ ಬಂದಾಗ ಮತ್ತೆ ಸದ್ದಾಯಿತು. "ಘುಟ್ನಾ?" ಅಂದಳು. ಅಮ್ಮ ಎರಡೂ ಮಂಡಿ ತಟ್ಟಿ ತೋರಿಸಿದಳು. ಅವಳು ಕೆಳಗೆ ಕೂತು, ಸೀರೆಯ ಮೇಲಿಂದಲೇ ಎರಡೂ ಮಂಡಿಯನ್ನು ಮುಟ್ಟಿ ನೋಡಿ, ಅಮ್ಮ ಮಣೆಯ ಮೇಲಿಂದ ಇಳಿಯುವಾಗ ಕೈ ಕೊಟ್ಟಳು. ಒಂದು ನಿಮಿಷದ ಕೆಲಸ. ಹೊರಗೆ ಬಂದ ಅಮ್ಮ "ಒಳ್ಳೆ ಹುಡುಗಿ" ಅಂದಳು. ಬಳೆ, ಮಾಂಗಲ್ಯ ಯಾವುದನ್ನೂ ತೆಗೆಸಲಿಲ್ಲ. ಎಲ್ಲಾದರೂ ತೆಗೆಯಿರಿ ಅಂದರೆ ಬಿಡಿಯಾಗಿ ಟ್ರೇನಲ್ಲಿ ಇಡಬೇಡಿ, ಬ್ಯಾಗಿನ ಜಿಪ್ ಒಳಗೆ ಹಾಕಿ ಜಿಪ್ ಎಳೆಯಿರಿ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದಳು ಅಮ್ಮ. ನಾನೂ ಹೇಳಲಿಲ್ಲ. ಯುರೋಪಿನ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು, ಅಲ್ಲಿ ಮತ್ತೆ ಪೂರ್ತಿ ಚೆಕಿಂಗ್ ಇತ್ತು. ಒಂಬತ್ತು ಹತ್ತು ಗಂಟೆ ಕೂತು ಕಾಲು ಊದಿಕೊಂಡಿದ್ದ ಅಮ್ಮನಿಗೆ ಈ ಎರಡನೇ ಸಾಲೇ ದೊಡ್ಡ ಏಟು. ಅಲ್ಲಿ ಇದ್ದದ್ದು ಬಾಡಿ ಸ್ಕ್ಯಾನರ್. ಗಾಜಿನ ಗೂಡಿನ ಹಾಗಿರುತ್ತದೆ, ಒಳಗೆ ನಿಂತು ಎರಡೂ ಕೈ ಮೇಲೆತ್ತಬೇಕು. ಹೊರಗಿನ ತೆರೆಯ ಮೇಲೆ ಒಂದು ಗೊಂಬೆಯ ಆಕಾರ ಬರುತ್ತದೆ, ಎಲ್ಲಿ ಅನುಮಾನವೋ ಅಲ್ಲಿ ಹಳದಿ ಚೌಕ. ಅಮ್ಮನ ಗೊಂಬೆಗೆ ಹೆಗಲ ಮೇಲೆ ಒಂದು, ಸೊಂಟದ ಮುಂದೆ ಒಂದು, ಮಂಡಿಗೆ ಎರಡು. ಸೆರಗಿನ ಪಿನ್ನು, ನೆರಿಗೆಯ ಪಿನ್ನು, ಲಂಗದ ಲಾಡಿಯ ಗಂಟು, ನೆರಿಗೆಯ ಏಳೆಂಟು ಮಡಿಕೆ. ಯಂತ್ರಕ್ಕೆ ಸೀರೆ ಏನು ಗೊತ್ತು?

ಅಲ್ಲಿದ್ದ ಹೆಂಗಸು ಜೋರಾಗಿ, ಬೇಗಬೇಗ ಏನೋ ಹೇಳುತ್ತಾ ಅಮ್ಮನ ಸೊಂಟಕ್ಕೆ ಕೈ ಹಾಕಿ ನೆರಿಗೆಯನ್ನು ಹಿಡಿದು ಎಳೆದಳು. ಎಲ್ಲರ ಮುಂದೆ. ನಾನು ಇನ್ನೂ ಈ ಕಡೆ ಸಾಲಿನಲ್ಲಿದ್ದೆ, ಟ್ರೇಗೆ ಲ್ಯಾಪ್‌ಟಾಪ್ ಹಾಕುತ್ತಿದ್ದೆ. ಅಮ್ಮ ಎರಡೂ ಕೈಯಲ್ಲಿ ನೆರಿಗೆ ಹಿಡಿದುಕೊಂಡು ಹಿಂದಕ್ಕೆ ಸರಿದಳು. ಆಗ ಆ ಹೆಂಗಸಿನ ದನಿ ಇನ್ನೂ ಜೋರಾಯಿತು. ನಾನು ಕೂಗಿ ಹೇಳಿದೆ, ಅವಳು ನಮ್ಮ ತಾಯಿ, ಭಾಷೆ ಬರುವುದಿಲ್ಲ, ಮಂಡಿ ಆಪರೇಷನ್ ಆಗಿದೆ, ರೂಮಿನ ಒಳಗೆ ಚೆಕ್ ಮಾಡಿ, ನಾನೂ ಜೊತೆಗೆ ಬರುತ್ತೇನೆ ಅಂತ. ಇನ್ನೊಬ್ಬ ಹಿರಿಯ ಹೆಂಗಸು ಬಂದು ನಮ್ಮಿಬ್ಬರನ್ನೂ ಪಕ್ಕದ ಸಣ್ಣ ರೂಮಿಗೆ ಕರೆದುಕೊಂಡು ಹೋದಳು. ಅಲ್ಲಿ ಮತ್ತೆ ಎಲ್ಲಾ ಸಮಾಧಾನದಿಂದ ನಡೆಯಿತು. ಅಂಗೈಗೆ ಒಂದು ಚೂರು ಬಟ್ಟೆ ಸವರಿ ಮಷೀನಿಗೆ ಹಾಕಿದರು. ಸ್ಫೋಟಕದ ಪುಡಿ ಇದೆಯಾ ಅಂತ ನೋಡುವುದು ಅದು, ಹೆದರುವಂಥದ್ದು ಏನಿಲ್ಲ.

ಆ ಮೇಲೆ ಸುಮಾರು ಒಂದು ಗಂಟೆ ಅಮ್ಮ ಮಾತಾಡಲಿಲ್ಲ. ಗೇಟ್ ಹತ್ತಿರದ ಕುರ್ಚಿಯಲ್ಲಿ ಸೆರಗು ಹೊದ್ದುಕೊಂಡು ಕೂತಿದ್ದಳು. ಕಾಫಿ ತಂದುಕೊಟ್ಟೆ, ಕುಡಿಯಲಿಲ್ಲ. ಆ ಒಂದು ಗಂಟೆ ನನಗೆ ಈಗಲೂ ನೆನಪಾಗುತ್ತದೆ. ಚೆಕ್ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಲೇಬೇಕು. ಆದರೆ ವಯಸ್ಸಾದ ಹೆಂಗಸಿನ ಸೀರೆಗೆ ಕೈ ಹಾಕುವ ಮುಂಚೆ ಕೈಸನ್ನೆಯಲ್ಲಾದರೂ ಕೇಳಬಹುದಿತ್ತು ಅಲ್ವಾ?

ಆಗ ನಾನು ಸುಮ್ಮನೆ ಹೇಳುತ್ತಾ ಹೋದೆ, ಇದೆಲ್ಲ ಯಾಕೆ ಅಂತ. 1999ರ ಡಿಸೆಂಬರ್ 24ಕ್ಕೆ ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ವಿಮಾನವನ್ನು ಕಂದಹಾರಕ್ಕೆ ಎತ್ತಿಕೊಂಡು ಹೋದರಲ್ಲ, ಅದಾದ ಮೇಲೆಯೇ ನಮ್ಮ ಏರ್‌ಪೋರ್ಟ್‌ಗಳಿಗೆ ಸಿಐಎಸ್‌ಎಫ್ ಬಂದದ್ದು, 2000ದ ಫೆಬ್ರವರಿಯಲ್ಲಿ ಮೊದಲು ಜೈಪುರಕ್ಕೆ. 2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಹೊರಟ ವಿಮಾನದಲ್ಲಿ ಒಬ್ಬ ಶೂ ಒಳಗೆ ಬಾಂಬ್ ಇಟ್ಟುಕೊಂಡು ಬಂದಿದ್ದ, ಹಾಗಾಗಿ ಶೂ ಬಿಚ್ಚಿಸಿದರು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದವರು ಜ್ಯೂಸ್ ಬಾಟಲಿಯಲ್ಲಿ ಸ್ಫೋಟಕ ತುಂಬಿ ಒಯ್ಯಲು ಹೊರಟಿದ್ದರು, ಹಾಗಾಗಿ ನೀರಿನ ಬಾಟಲಿ ಬಿಡುವುದಿಲ್ಲ. ಯಾವ ಪೆಟ್ಟಿಗೆ ಯಾರದು ಅಂತ ಅಷ್ಟೊಂದು ಲೆಕ್ಕ ಇಡುತ್ತಾರಲ್ಲ, ಅದಕ್ಕೂ ಕಾರಣ ಇದೆ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ...

"ಕನಿಷ್ಕ ನನಗೆ ಗೊತ್ತು" ಅಂದಳು ಅಮ್ಮ. ಒಂದು ಗಂಟೆ ಆದ ಮೇಲೆ ಅದೇ ಮೊದಲ ಮಾತು. "ಸಮುದ್ರಕ್ಕೆ ಬಿತ್ತಲ್ಲ. ರೇಡಿಯೋದಲ್ಲಿ ಹೇಳಿದ್ದರು. ಆಗ ನೀನು ಹುಟ್ಟಿರಲಿಲ್ಲ."

ಹೌದು, ಜೂನ್ 23. ಐರ್ಲೆಂಡ್ ಹತ್ತಿರ. 329 ಜನ. ಬಾಂಬ್ ಇದ್ದ ಪೆಟ್ಟಿಗೆ ವಿಮಾನ ಹತ್ತಿತ್ತು, ಆ ಪೆಟ್ಟಿಗೆ ಕೊಟ್ಟವನು ಹತ್ತಿರಲಿಲ್ಲ. ಅದಕ್ಕೇ ಈಗ ಪೆಟ್ಟಿಗೆಯವರು ಬಂದು ಕೂತಿದ್ದಾರಾ ಅಂತ ತಾಳೆ ನೋಡಿಯೇ ವಿಮಾನ ಹೊರಡಿಸುವುದು.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು, "ಇದನ್ನೆಲ್ಲ ಮನೆಯಲ್ಲೇ ಹೇಳಿದ್ದರೆ ನಾನು ಹೆದರ್ತಾ ಇರಲಿಲ್ಲ ಕಣೇ. ಪಿನ್ನು ಹಾಕದೆ ಬರ್ತಿದ್ದೆ. ಅವಳು ಕೈ ಹಾಕೋ ಮುಂಚೆ ನಾನೇ ತೋರಿಸ್ತಿದ್ದೆ." ಆಮೇಲೆ ಆರಿದ ಕಾಫಿಯನ್ನು ಕುಡಿದಳು.

ತಂಗಿ ಮನೆಯಲ್ಲಿ ಎರಡು ವಾರ ಇದ್ದು ನಾನು ವಾಪಸ್ ಬಂದೆ. ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಕೊಬ್ಬರಿ ಸಿಕ್ಕಿತು, ಅಂಟಿನುಂಡೆ ಆಯಿತು. ರುಚಿ ನಮ್ಮ ಮನೆಯದರ ಹಾಗೆ ಇಲ್ಲ ಅಂತ ಅಮ್ಮ ಫೋನಿನಲ್ಲಿ ಮೂರು ಸಲ ಹೇಳಿದಳು. ಡಿಸೆಂಬರ್‌ನಲ್ಲಿ ಅವಳು ಒಬ್ಬಳೇ ಬರಬೇಕಿತ್ತು. ಈ ಸಲ ನಾವು ತಯಾರಿ ಮಾಡಿದ್ದೇ ಬೇರೆ ಥರ. ತಂಗಿ ಮನೆಯಲ್ಲಿ ಬಟ್ಟೆ ಬುಟ್ಟಿಯನ್ನೇ ಟ್ರೇ ಮಾಡಿಕೊಂಡು, ಅಳಿಯ ಎದುರಿಗೆ ನಿಂತು, ಬ್ಯಾಗ್ ಇಡು, ಕೋಟ್ ತೆಗೆ, ಕೈ ಎತ್ತು, ಹಿಂದೆ ತಿರುಗು ಅಂತ ಇಂಗ್ಲಿಷಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿಸಿದ. ಗೊಂಬೆ ಚಿತ್ರದ ಬಗ್ಗೆ ಹೇಳಿದೆವು. ಆ ಯಂತ್ರ ಮೈಯ ಫೋಟೋ ತೆಗೆದು ಯಾರಿಗೂ ತೋರಿಸುವುದಿಲ್ಲ, ಎಲ್ಲರಿಗೂ ಅದೇ ಗೊಂಬೆ, ಅದು ಎಕ್ಸ್‌ರೇಯೂ ಅಲ್ಲ ಅಂತ. ಇದು ಗೊತ್ತಾದ ಮೇಲೆ ಅವಳ ಅರ್ಧ ಸಂಕೋಚ ಹೋಯಿತು. ಸೀರೆಗೆ ಪಿನ್ನು ಬೇಡ ಅಂದೆವು. ಅವಳೇ ಚೂಡಿದಾರ ಹಾಕಿಕೊಳ್ಳುತ್ತೇನೆ ಅಂದಳು, ಆಮೇಲೆ ಬೇಡ ಅಂದಳು, ಕೊನೆಗೆ ಪಿನ್ನಿಲ್ಲದ ಸಾದಾ ಕಾಟನ್ ಸೀರೆಗೇ ಬಂತು. ಅದು ಅವಳಿಷ್ಟ. ವೀಲ್‌ಚೇರ್ ಮೊದಲೇ ಬರೆಸಿದ್ದೆವು. "ನನಗೇನು ನಡೆಯೋಕೆ ಆಗಲ್ವಾ" ಅಂತ ಮೊದಲು ಬೇಜಾರು ಮಾಡಿಕೊಂಡಳು. ವೀಲ್‌ಚೇರ್ ಜೊತೆ ಬರುವವರು ಸೆಕ್ಯುರಿಟಿ, ಇಮಿಗ್ರೇಷನ್ ಎಲ್ಲಾ ಕಡೆ ಕರೆದುಕೊಂಡು ಹೋಗಿ ಗೇಟ್‌ವರೆಗೆ ಬಿಡುತ್ತಾರೆ ಅಂದ ಮೇಲೆ ಒಪ್ಪಿದಳು. ಒಬ್ಬರೇ ಬರುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ, ನಡೆಯಲು ಆಗುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು.

ಶೂ ಬಿಚ್ಚುವ ತಾಪತ್ರಯವೂ ಇರಲಿಲ್ಲ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಆ ನಿಯಮ ತೆಗೆದುಹಾಕಿದರು. ಬಗ್ಗಿ ಶೂ ಹಾಕಿಕೊಳ್ಳಲು ಆಗದ ಮಂಡಿಯವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಅಮ್ಮನನ್ನು ಕೇಳಬೇಕು.

ಮುಖ್ಯವಾಗಿ ತಂಗಿ ಒಂದು ಕಾರ್ಡ್ ಮಾಡಿಕೊಟ್ಟಳು. ವಿಸಿಟಿಂಗ್ ಕಾರ್ಡ್‌ಗಿಂತ ಸ್ವಲ್ಪ ದೊಡ್ಡದು, ಲ್ಯಾಮಿನೇಷನ್ ಮಾಡಿಸಿದ್ದು. ಒಂದು ಕಡೆ ಇಂಗ್ಲಿಷ್, ಹಿಂದುಗಡೆ ಅದೇ ಮಾತು ಕನ್ನಡದಲ್ಲಿ, ಅಮ್ಮನಿಗೆ ತಾನು ಏನು ತೋರಿಸುತ್ತಿದ್ದೇನೆ ಅಂತ ಗೊತ್ತಿರಲಿ ಅಂತ. ಚಿಕಾಗೋದ ಒಹೇರ್ ಏರ್‌ಪೋರ್ಟ್‌ನಲ್ಲಿ ಸ್ಕ್ಯಾನರ್ ಒಳಗೆ ಹೋಗುವ ಮುಂಚೆಯೇ ಅಮ್ಮ ಅದನ್ನು ಎತ್ತಿ ತೋರಿಸಿದಳಂತೆ. ಅಲ್ಲಿದ್ದ ಹೆಂಗಸು ಪೂರ್ತಿ ಓದಿ, ತಲೆ ಅಲ್ಲಾಡಿಸಿ, ಎಲ್ಲಿ ಮುಟ್ಟುತ್ತೇನೆ ಅಂತ ಮೊದಲು ತನ್ನ ಮೈಮೇಲೆ ತೋರಿಸಿ ಆಮೇಲೆ ಅಮ್ಮನನ್ನು ಮುಟ್ಟಿದಳಂತೆ. ಬೆಂಗಳೂರಿನಲ್ಲಿ ಹೊರಗೆ ಬಂದ ಕೂಡಲೇ ಮಗುವಿನ ಸುದ್ದಿಗಿಂತ ಮೊದಲು ಇದನ್ನೇ ಹೇಳಿದಳು.

ನಮ್ಮ ಬೀದಿಯ ಇನ್ನೊಬ್ಬರು ಸಿಡ್ನಿಗೆ ಮಗಳ ಮನೆಗೆ ಹೊರಟಿದ್ದಾರೆ, ಅವರಿಗೂ ಒಂದು ಮಾಡಿಸಿಕೊಟ್ಟೆವು. ಅದರಲ್ಲಿ ಇರುವುದು ಇಷ್ಟು, ಬೇಕಾದವರು ತಮ್ಮ ಮನೆಯವರಿಗೆ ಹೊಂದಿಸಿಕೊಂಡು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ:

"ನನಗೆ ಕನ್ನಡ ಮಾತ್ರ ಬರುತ್ತದೆ. ನನ್ನ ಎರಡೂ ಮಂಡಿಯಲ್ಲಿ ಲೋಹದ ಕೀಲು ಇದೆ. ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ನಾನು ಉಟ್ಟಿರುವುದು ಒಂದೇ ಉದ್ದನೆಯ ಬಟ್ಟೆ, ಸೊಂಟದ ಹತ್ತಿರ ಮಡಿಕೆಗಳಿರುತ್ತವೆ, ದಯವಿಟ್ಟು ಎಳೆಯಬೇಡಿ. ಮುಟ್ಟಿ ನೋಡಬೇಕಾದರೆ ಹೆಂಗಸರೇ ನೋಡಲಿ, ರೂಮಿನ ಒಳಗೆ ನೋಡಲಿ. ಎಲ್ಲಿ ಮುಟ್ಟುತ್ತೀರಿ ಅಂತ ಮೊದಲು ಕೈಯಲ್ಲಿ ತೋರಿಸಿ. ನನ್ನ ಮಗಳ ಫೋನ್ ನಂಬರ್ ಕೆಳಗಿದೆ, ಅವಳು ಎಚ್ಚರವಾಗಿದ್ದಾಳೆ."